ಮಿಥ್ಯಾವಾಸ್ತವದಲ್ಲಿ ಚಲನೆಯ ಅಳತೆ

ವೆಲ್ಡಿಂಗ್ ಕೆಲಸವನ್ನು ಕಲಿಸುವ ತರಬೇತಿ ಶಾಲೆಯೊಂದರಲ್ಲಿ ಅಧ್ಯಾಪಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ನನ್ನನ್ನು ಕಾಣಲು ಬಂದನು. ಅವನ ಶಾಲೆಗೆ ಆಗತಾನೆ ಬಂದಿದ್ದ ಯಂತ್ರವೊಂದು ಅವನನ್ನು ಚಿಂತೆಗೀಡುಮಾಡಿತ್ತು. ಕಲಿಯುವವನು ಮುಖವಾಡದಂಥ ಒಂದು ಸಾಧನವನ್ನು ತಲೆಗೆ ಧರಿಸುತ್ತಾನೆ. ಅದರೊಳಗಿನ ಪುಟ್ಟ ತೆರೆಗಳ ಮೇಲೆ ಉಕ್ಕಿನ ತಗಡು, ವೆಲ್ಡಿಂಗ್ ರಾಡು, ಉರಿಯುವ ಆರ್ಕ್ ಎಲ್ಲವೂ ಕಣ್ಣಿಗೆ ಕಟ್ಟಿದಂತೆ ತೋರುತ್ತವೆ. ಕೈಯಲ್ಲಿರುವುದಾದರೋ ಬೆಂಕಿಯೂ ಇಲ್ಲದ, ವಿದ್ಯುತ್ತೂ ಹರಿಯದ ಬರಿಯ ಹಿಡಿ. ಕೈ ಆಡಿದಂತೆ ತೆರೆಯ ಮೇಲಿನ ರಾಡೂ ಆಡುತ್ತದೆ. ಬೆಸುಗೆಯ ಗೆರೆ ಮೂಡುತ್ತದೆ. ಕೊನೆಗೆ ಯಂತ್ರವೇ ಅಂಕ ಕೊಡುತ್ತದೆ.

“ಸರ್, ಬೆಳಿಗ್ಗೆ ಯಂತ್ರ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಮೂರು ಗಂಟೆ ದಾಟಿತೆಂದರೆ ರಾಡಿನ ತುದಿ ನಡುಗತೊಡಗುತ್ತದೆ. ಬ್ಯಾಟರಿ ಬದಲಾಯಿಸಿದೆವು, ತಂತಿಗಳನ್ನು ಬದಲಾಯಿಸಿದೆವು, ತಂತ್ರಾಂಶವನ್ನೂ ಹೊಸದಾಗಿ ಹಾಕಿಸಿದೆವು. ಏನೂ ಪ್ರಯೋಜನವಾಗಲಿಲ್ಲ” ಎಂದನು. ಹೊರಡುವಾಗ ಇನ್ನೊಂದು ಮಾತನ್ನೂ ಸೇರಿಸಿದನು: “ಯಂತ್ರದಲ್ಲಿ ಒಳ್ಳೆಯ ಅಂಕ ಪಡೆದ ಹುಡುಗರೇ ನಿಜವಾದ ತಗಡಿನ ಮುಂದೆ ಕೂತಾಗ ರಾಡನ್ನು ತುಸು ಮೇಲಕ್ಕೆ ಹಿಡಿಯುತ್ತಾರೆ. ಅಭ್ಯಾಸ ಸಾಲದೇನೋ.”

ಮೊದಲನೆಯ ದೂರನ್ನು ಅವನು ಯಂತ್ರದ ಮೇಲೆ ಹೊರಿಸಿದನು. ಎರಡನೆಯದನ್ನು ಹುಡುಗರ ಮೇಲೆ. ಇವೆರಡರಲ್ಲಿ ಹೆಚ್ಚು ಗಂಭೀರವಾದುದು ಯಾವುದು? ಎರಡನೆಯದರಲ್ಲಿ ತಪ್ಪು ನಿಜವಾಗಿಯೂ ಯಾರದು? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾದರೆ, ಇಂಥ ಯಂತ್ರಗಳು ಚಲನೆಯನ್ನು ಅಳೆಯುವ ಬಗೆಯನ್ನೂ, ಆ ಅಳತೆಯಲ್ಲಿ ದೋಷ ನುಸುಳುವ ದಾರಿಗಳನ್ನೂ ಮೊದಲು ತಿಳಿಯಬೇಕು.

ಮಿಥ್ಯೆಯ ಹಿಂದಿನ ಅಳತೆ

ಕನ್ನಡಿಯೊಳಗೆ ಕಾಣುವ ಬಿಂಬವನ್ನು ಮಿಥ್ಯಾಬಿಂಬವೆಂದು ಕರೆಯುವುದನ್ನು ನೀವು ಬೆಳಕಿನ ಪಾಠದಲ್ಲಿ ಓದಿದ್ದೀರಿ. ಬಿಂಬವು ತೋರುವ ಎಡೆಯಲ್ಲಿ ವಸ್ತುವಿಲ್ಲ. ಆದರೂ ಅದರ ನೆಲೆ ಕಟ್ಟುನಿಟ್ಟಾದ ನಿಯಮಕ್ಕೆ ಒಳಪಟ್ಟಿದೆ. ನೀವು ಒಂದು ಹೆಜ್ಜೆ ಮುಂದಿಟ್ಟರೆ ಅದೂ ಒಂದು ಹೆಜ್ಜೆ ಮುಂದಿಡುತ್ತದೆ. ವರ್ಚುಯಲ್ ರಿಯಾಲಿಟಿ ಎಂದು ಹೆಸರಾಗಿರುವ ಮಿಥ್ಯಾವಾಸ್ತವವೂ ಇಂಥದೇ. ಕನ್ನಡಿಯಲ್ಲಿ ಈ ನಿಯಮವನ್ನು ಬೆಳಕೇ ಪಾಲಿಸುತ್ತದೆ. ಇಲ್ಲಿ ಮಾತ್ರ ಕಂಪ್ಯೂಟರು ಪಾಲಿಸಬೇಕು. ಅದಕ್ಕಾಗಿ ತಲೆಯೂ ಕೈಯೂ ಎಲ್ಲಿವೆ, ಯಾವ ಕಡೆಗೆ ತಿರುಗಿವೆ ಎಂಬುದನ್ನು ಅದು ಕ್ಷಣಕ್ಷಣವೂ ಅರಿಯುತ್ತಿರಬೇಕು.

ಕೃತಕ ಪರಿಸರದಲ್ಲಿ ತರಬೇತಿ ಕೊಡುವ ಯೋಚನೆ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬವನು 1929ರಲ್ಲಿಯೇ, ನೆಲವನ್ನು ಬಿಟ್ಟೇಳದೆ ವಿಮಾನ ನಡೆಸುವುದನ್ನು ಕಲಿಸುವ ಯಂತ್ರವೊಂದನ್ನು ರಚಿಸಿದನು. ತಲೆಗೆ ಧರಿಸುವ ತೆರೆಯನ್ನು ಕಂಪ್ಯೂಟರಿಗೆ ಜೋಡಿಸಿ, ತಲೆ ತಿರುಗಿದಂತೆ ನೋಟವೂ ಬದಲಾಗುವಂತೆ ಮಾಡಿದವನು ಐವನ್ ಸದರ್ಲ್ಯಾಂಡ್. ಅವನು ತನ್ನ ಕೆಲಸವನ್ನು ವಿವರಿಸಿದುದು 1968ರಲ್ಲಿ. ತಲೆಯ ನೆಲೆಯನ್ನು ತಿಳಿಯಲು ಅವನು ಮೇಲ್ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳೊಂದನ್ನು ಬಳಸಿದನು. ಇಂದು ಆ ತೋಳು ಮಾಯವಾಗಿದೆ. ಅದು ಮಾಡುತ್ತಿದ್ದ ಕೆಲಸ ಮಾತ್ರ ಹಾಗೆಯೇ ಉಳಿದಿದೆ.

ಒಂದು ಗಡುಸಾದ ವಸ್ತುವಿನ ನೆಲೆಯನ್ನು ಪೂರ್ಣವಾಗಿ ಹೇಳಲು ಆರು ಸಂಖ್ಯೆಗಳು ಬೇಕು. ಉದ್ದ, ಅಗಲ, ಎತ್ತರಗಳ ದಿಕ್ಕಿನಲ್ಲಿ ಮೂರು ದೂರಗಳು. ಆ ಮೂರು ಅಕ್ಷಗಳ ಸುತ್ತ ಮೂರು ಕೋನಗಳು. ಈ ಆರನ್ನು ತಿಳಿಯುವ ದಾರಿಗಳು ಮುಖ್ಯವಾಗಿ ಎರಡು: ವಸ್ತುವಿನ ಒಳಗೆ ಕೂತು ಅಳೆಯುವುದು ಒಂದು, ಹೊರಗಿನ ಗುರುತುಗಳನ್ನು ನೋಡಿ ಅಳೆಯುವುದು ಇನ್ನೊಂದು.

ಒಳಗಿನ ಅಳತೆ

ಹಿಡಿಯ ಒಳಗೆ, ಅಕ್ಕಿಯ ಕಾಳಿಗಿಂತ ಬಹಳ ದೊಡ್ಡದಲ್ಲದ ಸಿಲಿಕಾನ್ ಚೂರಿನಲ್ಲಿ ಎರಡು ಬಗೆಯ ಸಂವೇದಕಗಳಿರುತ್ತವೆ. ಗೈರೊಸ್ಕೋಪು ತಿರುಗುವಿಕೆಯ ವೇಗವನ್ನು ಅಳೆಯುತ್ತದೆ. ಇನ್ನೊಂದು ವೇಗೋತ್ಕರ್ಷವನ್ನು ಅಳೆಯುತ್ತದೆ. ಇವು ಸೆಕೆಂಡಿಗೆ ನೂರಾರು ಸಲ, ಕೆಲವೆಡೆ ಸಾವಿರ ಸಲ ವರದಿ ಕೊಡಬಲ್ಲವು. ತಿರುಗುವ ವೇಗವನ್ನು ಕೂಡಿಸುತ್ತ ಹೋದರೆ ಕೋನ ದೊರೆಯುತ್ತದೆ. ವೇಗೋತ್ಕರ್ಷವನ್ನು ಒಮ್ಮೆ ಕೂಡಿಸಿದರೆ ವೇಗ, ಮತ್ತೊಮ್ಮೆ ಕೂಡಿಸಿದರೆ ದೂರ ದೊರೆಯುತ್ತದೆ. ಕೇಳಲು ಇದು ಬಹು ಸೊಗಸಾದ ಉಪಾಯ.

ಆದರೆ ಕೂಡಿಸುವಾಗ ದೋಷವೂ ಕೂಡುತ್ತ ಹೋಗುತ್ತದೆ. ಸುಮ್ಮನೆ ಇರಿಸಿದ ಗೈರೊಸ್ಕೋಪು ಸೊನ್ನೆಯನ್ನು ತೋರುವುದರ ಬದಲು ಸೆಕೆಂಡಿಗೆ 0.01 ಡಿಗ್ರಿಯನ್ನು ತೋರುತ್ತಿದೆಯೆಂದು ಇಟ್ಟುಕೊಳ್ಳಿ. ಒಂದು ನಿಮಿಷದಲ್ಲಿ 0.6 ಡಿಗ್ರಿ ತಪ್ಪು. ಒಂದು ಗಂಟೆಯಲ್ಲಿ 36 ಡಿಗ್ರಿ. ವೇಗೋತ್ಕರ್ಷದ ವಿಷಯದಲ್ಲಂತೂ ಸ್ಥಿತಿ ಇನ್ನೂ ಕಠಿಣ. ಅಲ್ಲಿ ದೂರದ ತಪ್ಪು ಕಾಲದ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆ. ನೀವು ಬಲ್ಲ ½at² ಎಂಬ ಸೂತ್ರವೇ ಇದು. ಸೆಕೆಂಡಿನ ವರ್ಗಕ್ಕೆ 0.01 ಮೀಟರ್‌ನಷ್ಟು ಸಣ್ಣ ತಪ್ಪಿದ್ದರೆ ಒಂದು ಸೆಕೆಂಡಿನಲ್ಲಿ 5 ಮಿಲಿಮೀಟರ್, ಹತ್ತು ಸೆಕೆಂಡುಗಳಲ್ಲಿ ಅರ್ಧ ಮೀಟರ್, ಒಂದು ನಿಮಿಷದಲ್ಲಿ 18 ಮೀಟರ್ ತಪ್ಪು ಆಗುತ್ತದೆ. ಕೈಯಲ್ಲಿರುವ ಹಿಡಿ ಗೋಡೆಯನ್ನು ತೂರಿಕೊಂಡು ಬೀದಿಗೆ ಹೋಗಿರುತ್ತದೆ!

ಇಷ್ಟು ತಪ್ಪು ಬರಲು ಸಂವೇದಕ ಕೆಟ್ಟಿರಬೇಕಾಗಿಲ್ಲ. ವೇಗೋತ್ಕರ್ಷದ ಸಂವೇದಕಕ್ಕೆ ಭೂಮಿಯ ಗುರುತ್ವವೂ ತಾಕುತ್ತಿರುತ್ತದೆ. ಅದನ್ನು ಕಳೆದು ಉಳಿದುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಹಿಡಿಯ ಓರೆಯನ್ನು ಅಂದಾಜು ಮಾಡುವುದರಲ್ಲಿ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ ತಪ್ಪಿದರೂ ಗುರುತ್ವದ ಒಂದು ತುಣುಕು ಚಲನೆಯ ವೇಷ ಹಾಕಿಕೊಂಡು ಬರುತ್ತದೆ. ಅದರ ಪ್ರಮಾಣ 9.8 × ಸೈನ್ 0.1°, ಎಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 0.017 ಮೀಟರ್. ಮೇಲೆ ನಾವು ಇಟ್ಟುಕೊಂಡ ತಪ್ಪಿಗಿಂತಲೂ ಇದು ಹೆಚ್ಚು.

ಹೊರಗಿನ ಅಳತೆ

ಆದುದರಿಂದ ಒಳಗಿನ ಅಳತೆಯನ್ನು ಆಗಾಗ ಹೊರಗಿನ ಗುರುತುಗಳಿಗೆ ಹೋಲಿಸಿ ತಿದ್ದುತ್ತಿರಬೇಕು. ಕಣ್ಣು ಮುಚ್ಚಿಕೊಂಡು ಅಂಗಳದಲ್ಲಿ ನಡೆಯುವವನು ಹೆಜ್ಜೆ ಎಣಿಸುತ್ತ ಹೋಗಿ, ನಡುನಡುವೆ ಒಮ್ಮೆ ಕಣ್ಣು ತೆರೆದು ತುಳಸಿಕಟ್ಟೆ ಎಲ್ಲಿದೆಯೆಂದು ನೋಡಿಕೊಳ್ಳುವಂತೆ. ಎಣಿಕೆಗೆ ಎಷ್ಟು ಬೆಲೆ ಕೊಡಬೇಕು, ನೋಟಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಗಣಿತದಿಂದ ನಿರ್ಧರಿಸುವ ವಿಧಾನವೊಂದನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದನು. ಅದೂ ಅದರ ಸಂತತಿಯ ವಿಧಾನಗಳೂ ಈ ಬಗೆಯ ಯಂತ್ರಗಳಲ್ಲಿ ಹೇರಳವಾಗಿ ಬಳಕೆಯಲ್ಲಿವೆ.

ಹೊರಗಿನ ನೋಟಕ್ಕೆ ಉದಾಹರಣೆಯಾಗಿ, 2016ರಲ್ಲಿ ಮಾರಾಟಕ್ಕೆ ಬಂದ ಎಚ್‌ಟಿಸಿ ವೈವ್ ಎಂಬ ಉಪಕರಣದ ಪದ್ಧತಿಯನ್ನು ನೋಡೋಣ. ಇದಕ್ಕೆ ದೀಪಸ್ತಂಭವೆಂಬ ಅರ್ಥ ಕೊಡುವ ‘ಲೈಟ್‌ಹೌಸ್’ ಎಂಬ ಹೆಸರಿದೆ. ಕೋಣೆಯ ಎದುರುಬದುರು ಮೂಲೆಗಳಲ್ಲಿ ಎರಡು ಪೆಟ್ಟಿಗೆಗಳನ್ನು ಎತ್ತರದಲ್ಲಿ ಕೂರಿಸಲಾಗುತ್ತದೆ. ಪೆಟ್ಟಿಗೆಯಿಂದ ಮೊದಲು ಅವಕೆಂಪು ಬೆಳಕಿನ ಮಿಂಚೊಂದು ಇಡೀ ಕೋಣೆಯನ್ನು ತುಂಬುತ್ತದೆ. ಅನಂತರ ಅಂಥದೇ ಬೆಳಕಿನ ತೆಳ್ಳನೆಯ ಹಾಳೆಯೊಂದು ಕೋಣೆಯನ್ನು ಗುಡಿಸಿಕೊಂಡು ಹೋಗುತ್ತದೆ. ಒಮ್ಮೆ ಅಡ್ಡವಾಗಿ, ಒಮ್ಮೆ ಲಂಬವಾಗಿ. ಹಿಡಿಯ ಮೈಮೇಲಿರುವ ದ್ಯುತಿಗ್ರಾಹಕಗಳು ಮಿಂಚನ್ನು ಕಂಡ ಮೇಲೆ ಎಷ್ಟು ಹೊತ್ತಿಗೆ ಬೆಳಕಿನ ಹಾಳೆ ತಮ್ಮನ್ನು ತಾಕಿತು ಎಂಬುದನ್ನು ಅಳೆಯುತ್ತವೆ. ಆ ಕಾಲವೇ ಕೋನವನ್ನು ತಿಳಿಸುತ್ತದೆ. ಹಿಡಿಯ ಮೇಲೆ ಗ್ರಾಹಕಗಳು ಎಲ್ಲೆಲ್ಲಿವೆಯೆಂಬುದು ಮೊದಲೇ ಗೊತ್ತಿರುವುದರಿಂದ, ಹಲವು ಗ್ರಾಹಕಗಳ ಕೋನಗಳಿಂದ ಹಿಡಿಯ ನೆಲೆಯನ್ನು ರೇಖಾಗಣಿತದಂತೆ ಲೆಕ್ಕ ಹಾಕಬಹುದು.

ಇಲ್ಲಿಯ ಸೂಕ್ಷ್ಮತೆಯನ್ನು ನೀವೇ ಲೆಕ್ಕ ಹಾಕಿ ನೋಡಿ. ಬೆಳಕನ್ನು ಬೀಸುವ ಭಾಗ ಸೆಕೆಂಡಿಗೆ 60 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 21,600 ಡಿಗ್ರಿ. ಒಂದು ಮೈಕ್ರೋಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ, 0.0216 ಡಿಗ್ರಿ. ಮೂರು ಮೀಟರ್ ದೂರದಲ್ಲಿ ಇಷ್ಟು ಕೋನ ಸುಮಾರು 1.1 ಮಿಲಿಮೀಟರ್ ಆಗುತ್ತದೆ. ಆದುದರಿಂದ ಮಿಲಿಮೀಟರಿಗಿಂತ ಸೂಕ್ಷ್ಮವಾದ ನೆಲೆ ಬೇಕಾದರೆ ಬೆಳಕು ತಾಕಿದ ಗಳಿಗೆಯನ್ನು ಮೈಕ್ರೋಸೆಕೆಂಡಿಗಿಂತ ಸೂಕ್ಷ್ಮವಾಗಿ ಗುರುತಿಸಬೇಕು. ಆ ಗುರುತನ್ನು ಕೆಡಿಸುವ ಯಾವುದೇ ಬೆಳಕು ನೆಲೆಯನ್ನೂ ಕೆಡಿಸುತ್ತದೆ.

ಬೇರೆ ಪದ್ಧತಿಗಳೂ ಉಂಟು. 2019ರಲ್ಲಿ ಬಂದ ಆಕ್ಯುಲಸ್ ಕ್ವೆಸ್ಟ್‌ನಂಥ ಉಪಕರಣಗಳಲ್ಲಿ ಕ್ಯಾಮೆರಾಗಳು ಮುಖವಾಡದ ಮೇಲೆಯೇ ಇದ್ದು ಕೋಣೆಯ ಅಂಚು, ಮೂಲೆ, ಚಿತ್ರಗಳನ್ನು ಗುರುತಾಗಿಟ್ಟುಕೊಳ್ಳುತ್ತವೆ. ಸುರುಳಿಗಳಿಂದ ಕಾಂತಕ್ಷೇತ್ರವನ್ನು ಹುಟ್ಟಿಸಿ ಅದನ್ನು ಅಳೆಯುವ ಪದ್ಧತಿ 1970ರ ದಶಕದಿಂದ ಬಳಕೆಯಲ್ಲಿದೆ. ಪ್ರತಿಯೊಂದಕ್ಕೂ ತನ್ನದೇ ಆದ ಶತ್ರುವಿದೆ: ಕ್ಯಾಮೆರಾಕ್ಕೆ ಕತ್ತಲೆ ಮತ್ತು ಬೋಳು ಗೋಡೆ, ಕಾಂತಪದ್ಧತಿಗೆ ಲೋಹದ ಮೇಜಿನಲ್ಲಿ ಹುಟ್ಟುವ ಸುಳಿ ಪ್ರವಾಹ, ದೀಪಸ್ತಂಭ ಪದ್ಧತಿಗೆ ಬಿಸಿಲು ಮತ್ತು ಹೊಳೆಯುವ ಮೇಲ್ಮೈ.

ದೋಷದ ನಡೆ

ವೈದ್ಯನು ಮದ್ದು ಕೊಡುವ ಮುನ್ನ ಜ್ವರ ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕೇಳುತ್ತಾನಷ್ಟೆ. ಹಾಗೆಯೇ ಯಂತ್ರದ ಭಾಗಗಳನ್ನು ಬದಲಾಯಿಸುವ ಮುನ್ನ ದೋಷದ ನಡೆಯನ್ನು ಗಮನಿಸಬೇಕು. ಅದು ಐದು ಬಗೆಯಾಗಿದೆ.

ಮೊದಲನೆಯದು ನಡುಕ. ಹಿಡಿ ನಿಶ್ಚಲವಾಗಿದ್ದರೂ ತೆರೆಯ ಮೇಲಿನ ಚಿತ್ರ ಒಂದು ಬಿಂದುವಿನ ಸುತ್ತ ಅದುರುತ್ತದೆ. ಹೊರಗಿನ ನೋಟ ಮಸುಕಾಗಿರುವುದರ ಲಕ್ಷಣವಿದು: ಬಿಸಿಲು, ಹೆಚ್ಚು ದೂರ, ಕೆಲವೇ ಗ್ರಾಹಕಗಳಿಗೆ ಬೆಳಕು ಸಿಗುವುದು, ಅಥವಾ ಬೆಳಕು ಬೀಸುವ ಪೆಟ್ಟಿಗೆಯೇ ಅಲುಗುವ ಗೋಡೆಯ ಮೇಲಿರುವುದು.

ಎರಡನೆಯದು ಸರಿತ. ಚಿತ್ರ ಅದುರುವುದಿಲ್ಲ, ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತದೆ. ಒಳಗಿನ ಅಳತೆಗೆ ಹೊರಗಿನ ತಿದ್ದುಪಡಿ ಸಾಕಷ್ಟು ಸಿಗುತ್ತಿಲ್ಲವೆಂದು ಇದರ ಅರ್ಥ. ಗೈರೊಸ್ಕೋಪಿನ ಸೊನ್ನೆ ಉಷ್ಣತೆಯೊಡನೆ ಬದಲಾಗುವುದರಿಂದ ಯಂತ್ರವನ್ನು ಹಚ್ಚಿದ ಹೊಸತರಲ್ಲಿ ಇದು ಹೆಚ್ಚು.

ಮೂರನೆಯದು ನೆಗೆತ. ಚಿತ್ರ ಇದ್ದಕ್ಕಿದ್ದಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುತ್ತದೆ. ನೋಟ ಕಡಿದುಹೋಗಿ ಮರಳಿ ಸಿಕ್ಕಿದಾಗ, ಇಲ್ಲವೆ ಕನ್ನಡಿ, ಗಾಜು, ನಯವಾದ ಉಕ್ಕಿನ ತಗಡು ಇವುಗಳಿಂದ ಪ್ರತಿಫಲಿಸಿದ ಬೆಳಕನ್ನು ಗ್ರಾಹಕವು ನೇರವಾದ ಬೆಳಕೆಂದು ಭ್ರಮಿಸಿದಾಗ ಹೀಗಾಗುತ್ತದೆ.

ನಾಲ್ಕನೆಯದು ವಿಳಂಬ. ಅಳತೆ ಸರಿಯಾಗಿದ್ದರೂ ಅದು ತೆರೆಗೆ ಬರುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಚಲಿಸುವ ಕೈಯನ್ನು 40 ಮಿಲಿಸೆಕೆಂಡು ತಡವಾಗಿ ತೋರಿಸಿದರೆ ಚಿತ್ರ 20 ಮಿಲಿಮೀಟರ್ ಹಿಂದೆ ಬೀಳುತ್ತದೆ. ಕೈ ನಿಂತರೆ ಈ ತಪ್ಪು ತಾನಾಗಿಯೇ ಇಲ್ಲವಾಗುತ್ತದೆ.

ಐದನೆಯದು ಪಲ್ಲಟ. ಚಿತ್ರ ಅದುರುವುದಿಲ್ಲ, ಸರಿಯುವುದಿಲ್ಲ, ನೆಗೆಯುವುದಿಲ್ಲ, ಹಿಂದೆಯೂ ಬೀಳುವುದಿಲ್ಲ. ಎಲ್ಲವೂ ಅಚ್ಚುಕಟ್ಟಾಗಿ ತೋರುತ್ತದೆ. ಆದರೆ ಅದು ಇರಬೇಕಾದ ಎಡೆಗಿಂತ ಸದಾ ಇಷ್ಟು ಮಿಲಿಮೀಟರ್ ಪಕ್ಕಕ್ಕಿರುತ್ತದೆ. ಪ್ರಯೋಗಶಾಲೆಯಲ್ಲಿ ನೀವು ಬಳಸುವ ಸ್ಕ್ರೂಗೇಜಿನ ಶೂನ್ಯದೋಷ ಇದೇ ಜಾತಿಯದು. ಶೂನ್ಯದೋಷವಿರುವ ಸ್ಕ್ರೂಗೇಜಿನಿಂದ ಒಂದು ತಂತಿಯನ್ನು ನೂರು ಸಲ ಅಳೆದರೂ ನೂರು ಸಲವೂ ಅದೇ ತಪ್ಪು ಉತ್ತರವೇ ಬರುತ್ತದೆ. ನಡುಕವನ್ನು ಸರಾಸರಿಯಿಂದ ತಗ್ಗಿಸಬಹುದು. ಶೂನ್ಯದೋಷವನ್ನು ಸರಾಸರಿ ಮುಟ್ಟಲಾರದು. ಅಳತೆಗಳು ಪರಸ್ಪರ ಒಪ್ಪುವುದು ಒಂದು ಗುಣ. ಅವು ಸತ್ಯವನ್ನು ಒಪ್ಪುವುದು ಬೇರೊಂದು ಗುಣ.

ಈ ಮಾತು ಕೇವಲ ತರ್ಕವಲ್ಲ. 2017ರಲ್ಲಿ ನೀಹೋರ್ಸ್ಟರ್, ಲಿ, ಲಾಪೆ ಎಂಬ ಮೂವರು ಸಂಶೋಧಕರು ಮೇಲೆ ಹೇಳಿದ ವೈವ್ ಉಪಕರಣವನ್ನು ಪರೀಕ್ಷಿಸಿ ವರದಿ ಮಾಡಿದರು. ನಿಶ್ಚಲವಾಗಿರಿಸಿದಾಗ ಅದರ ನಡುಕ ಅತ್ಯಲ್ಪವಾಗಿತ್ತು. ಆದರೆ ಉಪಕರಣವು ನೆಲವೆಂದು ಭಾವಿಸಿದ ಸಮತಲವು ನಿಜವಾದ ನೆಲಕ್ಕೆ ಸಮಾಂತರವಾಗಿರದೆ ಓರೆಯಾಗಿತ್ತು; ನೋಟ ಒಮ್ಮೆ ತಪ್ಪಿ ಮರಳಿ ಸಿಕ್ಕಿದಾಗ ಆ ಓರೆಯೂ ಬದಲಾಗುತ್ತಿತ್ತು. ಇಂಥ ಓರೆ ಒಂದೇ ಡಿಗ್ರಿಯಿದ್ದರೂ ಮೂರು ಮೀಟರ್ ನಡೆದವನ ಎತ್ತರದಲ್ಲಿ 5 ಸೆಂಟಿಮೀಟರಿಗಿಂತ ಹೆಚ್ಚು ತಪ್ಪು ಬರುತ್ತದೆ. ಕಣ್ಣಿಗೆ ಮಾತ್ರ ಎಲ್ಲವೂ ನಿಶ್ಚಲ, ನಿರ್ದುಷ್ಟ!

ಶೋಧನೆಯ ಕ್ರಮ

ದೋಷವನ್ನು ಹುಡುಕುವುದಕ್ಕೆ ಮೊದಲ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಬ್ಯಾಟರಿಯನ್ನೂ ತಂತಿಯನ್ನೂ ತಂತ್ರಾಂಶವನ್ನೂ ಒಟ್ಟಿಗೆ ಬದಲಾಯಿಸಿದರೆ, ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಹೋಗದಿದ್ದರಂತೂ ಹೊಸ ದೋಷವೊಂದು ಸೇರಿಕೊಂಡಿರಲೂಬಹುದು. ಎರಡನೆಯ ನಿಯಮ: ಕಣ್ಣಂದಾಜನ್ನು ನಂಬದೆ ಉಪಕರಣ ಕೊಡುವ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಈ ನಿಯಮಗಳನ್ನು ನೆನಪಿಟ್ಟುಕೊಂಡು ಐದು ಪರೀಕ್ಷೆಗಳನ್ನು ಮಾಡಬಹುದು.

1. ನಿಶ್ಚಲ ಪರೀಕ್ಷೆ. ಯಂತ್ರ ಸ್ವಲ್ಪ ಹೊತ್ತು ನಡೆದು ಬೆಚ್ಚಗಾದ ಮೇಲೆ ಹಿಡಿಯನ್ನು ಭಾರವಾದ ಮೇಜಿನ ಮೇಲೆ ಹತ್ತು ನಿಮಿಷ ಮುಟ್ಟದೆ ಇರಿಸಿ, ನೆಲೆಯ ಸಂಖ್ಯೆಗಳನ್ನು ದಾಖಲಿಸಿ ನಕ್ಷೆ ಬರೆಯಬೇಕು. ನಕ್ಷೆ ಮುಳ್ಳುಮುಳ್ಳಾಗಿದ್ದರೆ ನಡುಕ, ಓರೆಯಾಗಿ ಏರಿದರೆ ಅಥವಾ ಇಳಿದರೆ ಸರಿತ, ಮೆಟ್ಟಿಲಿನಂತಿದ್ದರೆ ನೆಗೆತ. ಒಂದೇ ನಕ್ಷೆಯಿಂದ ಮೂರು ರೋಗಗಳು ಬೇರೆಬೇರೆಯಾಗಿ ಗುರುತು ಸಿಗುತ್ತವೆ.

2. ಪರಿಸರ ಪರೀಕ್ಷೆ. ಇದೇ ಪ್ರಯೋಗವನ್ನು ಕಿಟಕಿ ಮುಚ್ಚಿ, ತೆರೆದು, ಹೊಳೆಯುವ ತಗಡುಗಳನ್ನು ತೆಗೆದು, ಮರಳಿ ಇಟ್ಟು, ದೀಪ ಆರಿಸಿ, ಹಚ್ಚಿ ಪುನಃ ಮಾಡಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರಿಂದ ಉರಿಯುವ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಇದು ತಿಳಿಯದಿದ್ದರೂ ಕ್ಯಾಮೆರಾವನ್ನು ಕಾಡಬಲ್ಲುದು.

3. ದೂರದ ಪರೀಕ್ಷೆ. ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿ ಹಿಡಿಯನ್ನು ಸರಿಯಾಗಿ ಒಂದು ಮೀಟರ್ ಸರಿಸಿ, ಯಂತ್ರ ಎಷ್ಟು ಹೇಳುತ್ತದೆಂದು ನೋಡಬೇಕು. ಕೋಣೆಯ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ಇದನ್ನು ಮಾಡಬೇಕು. ಹಿಡಿಯನ್ನು ನೆಲದ ಮೇಲೆ ಹಲವೆಡೆ ಇಟ್ಟು ಎತ್ತರವನ್ನು ಓದಿದರೆ ನೆಲದ ಓರೆ ಬಯಲಾಗುತ್ತದೆ. ಅನಂತರ ಹಿಡಿಯನ್ನು ಕ್ಷಣಕಾಲ ಬಟ್ಟೆಯಿಂದ ಮುಚ್ಚಿ ತೆಗೆದು, ಅವೇ ಸಂಖ್ಯೆಗಳು ಮರಳಿ ಬರುತ್ತವೆಯೇ ಎಂದೂ ಪರೀಕ್ಷಿಸಬೇಕು.

4. ಕುಳಿಯ ಪರೀಕ್ಷೆ. ಯಂತ್ರವು ಅಳೆಯುವುದು ಹಿಡಿಗೆ ಬಿಗಿದ ಗ್ರಾಹಕಗಳ ಗುಂಪನ್ನು, ಅದಕ್ಕೆ ಸೂಚಕವೆನ್ನೋಣ. ನಮಗೆ ಬೇಕಾದುದಾದರೋ ರಾಡಿನ ತುದಿ. ಸೂಚಕದಿಂದ ತುದಿ ಇಷ್ಟು ದೂರ, ಇಂಥ ದಿಕ್ಕಿನಲ್ಲಿದೆಯೆಂದು ಮೊದಲೇ ಬರೆದಿಟ್ಟ ಸಂಖ್ಯೆಗಳಿಂದ ಯಂತ್ರ ತುದಿಯ ನೆಲೆಯನ್ನು ಲೆಕ್ಕ ಹಾಕುತ್ತದೆ. ಮರದ ಹಲಗೆಯಲ್ಲಿ ಸಣ್ಣ ಕುಳಿ ಕೊರೆದು, ತುದಿಯನ್ನು ಅದರಲ್ಲಿ ಊರಿ, ಹಿಡಿಯನ್ನು ಎಲ್ಲ ಕಡೆಗೂ ವಾಲಿಸಬೇಕು. ಸಂಖ್ಯೆಗಳು ಸರಿಯಾಗಿದ್ದರೆ ಲೆಕ್ಕದ ತುದಿಯೂ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆ. ತಪ್ಪಿದ್ದರೆ, ನಿಜವಾದ ತುದಿ ಕದಲದಿದ್ದರೂ ಲೆಕ್ಕದ ತುದಿ ಗೋಳದ ಮೇಲೆ ಕಮಾನುಗಳನ್ನು ಬರೆಯುತ್ತದೆ. ಪಲ್ಲಟವನ್ನು ಹಿಡಿಯಲು ಇದಕ್ಕಿಂತ ಸುಲಭವಾದ ಉಪಾಯ ಬೇರೊಂದಿಲ್ಲ.

5. ವಿಳಂಬದ ಪರೀಕ್ಷೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಕೈಯೂ ತೆರೆಯೂ ಒಟ್ಟಿಗೆ ಕಾಣುವಂತೆ ಚಿತ್ರಿಸಿ, ಕೈ ಹೊರಟ ಮೇಲೆ ಎಷ್ಟನೆಯ ಚಿತ್ರದಲ್ಲಿ ತೆರೆಯ ಮೇಲಿನದು ಹೊರಟಿತೆಂದು ಎಣಿಸಬೇಕು. ಒಂದೊಂದು ಚಿತ್ರಕ್ಕೂ ಸುಮಾರು 4.2 ಮಿಲಿಸೆಕೆಂಡು.

ಶಾಲೆಯಲ್ಲಿ ಕಂಡುದು

ಈ ಕ್ರಮವನ್ನು ನನ್ನ ವಿದ್ಯಾರ್ಥಿಗೆ ಬರೆದುಕೊಟ್ಟು, ಮುಂದಿನ ವಾರ ನಾನೂ ಅವನ ಶಾಲೆಗೆ ಹೋದೆನು. ಅಲ್ಲಿಯ ಉಪಕರಣವೂ ಅವಕೆಂಪು ಬೆಳಕನ್ನು ನೆಚ್ಚಿದುದೇ. ಕೋಣೆಗೆ ಪಶ್ಚಿಮದ ಕಡೆ ಎರಡು ದೊಡ್ಡ ಕಿಟಕಿಗಳಿದ್ದವು. ಮೂರು ಗಂಟೆಯ ಮೇಲೆ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಬಿಸಿಲಿನಲ್ಲಿ ಕಾಣುವ ಬೆಳಕಿನ ಜೊತೆಗೆ ಅವಕೆಂಪು ಬೆಳಕೂ ಹೇರಳವಾಗಿದೆ. ಕಾಣುವ ಬೆಳಕಿಗೆ ಹತ್ತಿರದ ಅವಕೆಂಪನ್ನು ಕಿಟಕಿಯ ಗಾಜು ತಡೆಯುವುದಿಲ್ಲ. ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳಬೇಕಾದವನ ಪಾಡು ಆ ಗ್ರಾಹಕಗಳದು. ಕಿಟಕಿಗಳಿಗೆ ದಪ್ಪ ರಟ್ಟನ್ನು ಅಡ್ಡವಿಟ್ಟೆವು, ನಡುಕ ನಿಂತಿತು. ತೆಗೆದೆವು, ಮರಳಿ ಬಂದಿತು. ಒಂದು ಸಲ ನಿಂತುದು ಕಾಕತಾಳೀಯವಾಗಿರಬಹುದೆಂದು ಮೂರು ಸಲ ಮಾಡಿ ನೋಡಿದೆವು. ಮೂರು ಸಲವೂ ಹಾಗೆಯೇ ಆಯಿತು. ಹೊಸ ಬ್ಯಾಟರಿ, ತಂತಿಗಳಿಂದಾಗದ ಕೆಲಸ ರಟ್ಟಿನಿಂದಾಯಿತು.

ಎಲ್ಲರೂ ಸಂತೋಷಪಟ್ಟು ಏಳುವುದರಲ್ಲಿದ್ದರು. ಕುಳಿಯ ಪರೀಕ್ಷೆಯೊಂದು ಉಳಿದಿದೆಯೆಂದು ನಾನು ನೆನಪಿಸಿದೆನು. ತುದಿಯನ್ನು ಕುಳಿಯಲ್ಲಿ ಊರಿ ಹಿಡಿಯನ್ನು ವಾಲಿಸಿದಾಗ, ನಡುಕವಿಲ್ಲದ ಆ ಯಂತ್ರವು ಸುಂದರವಾದ ಕಮಾನನ್ನು ಬರೆಯಿತು! ಬಿಚ್ಚಿ ನೋಡಿದೆವು. ಹಿಂದೊಮ್ಮೆ ಶುಚಿಮಾಡುವಾಗ ಸೂಚಕವನ್ನು ಕಳಚಿ ಮರಳಿ ತೊಡಿಸಿದ್ದರು. ಅದರ ತಳದಲ್ಲಿ ಕಸದ ಕಣವೊಂದು ಸಿಕ್ಕಿ, ಅದು ತುಸು ಓರೆಯಾಗಿ ಬಿಗಿದುಕೊಂಡಿತ್ತು. ಓರೆ ಸುಮಾರು ಒಂದು ಡಿಗ್ರಿ. ಸೂಚಕದಿಂದ ತುದಿಗೆ 30 ಸೆಂಟಿಮೀಟರ್. ಆ ದೂರದಲ್ಲಿ ಒಂದು ಡಿಗ್ರಿಯೆಂದರೆ 5.2 ಮಿಲಿಮೀಟರ್. ತೆರೆಯ ಮೇಲಿನ ತುದಿ ನಿಜವಾದ ತುದಿಗಿಂತ ಅಷ್ಟು ಕೆಳಗೆ ತೋರುತ್ತಿತ್ತು.

ಐದು ಮಿಲಿಮೀಟರಿಗೆ ಇಷ್ಟೊಂದು ಗದ್ದಲವೇಕೆ ಎನ್ನಬೇಡಿ. 3.15 ಮಿಲಿಮೀಟರ್ ದಪ್ಪದ ರಾಡಿನಿಂದ ಬೆಸುಗೆ ಹಾಕುವಾಗ ರಾಡಿನ ತುದಿಗೂ ತಗಡಿಗೂ ನಡುವೆ ಸುಮಾರು ಅಷ್ಟೇ ಅಂತರವಿರಬೇಕೆಂಬುದು ಆ ಕೆಲಸದಲ್ಲಿ ರೂಢಿಯಲ್ಲಿರುವ ಸೂತ್ರ. ತೆರೆಯ ಮೇಲೆ ಸರಿಯಾಗಿ ಮೂರು ಮಿಲಿಮೀಟರ್ ಕಾಣುವಂತೆ ಹಿಡಿದ ಹುಡುಗನ ಕೈ ನಿಜವಾಗಿ ಎಂಟು ಮಿಲಿಮೀಟರ್ ಮೇಲಿತ್ತು. ಅಂತರ ಹೆಚ್ಚಾದರೆ ಆರ್ಕ್ ಚಂಚಲವಾಗುತ್ತದೆ, ಕಿಡಿ ಸಿಡಿಯುತ್ತದೆ, ಬೆಸುಗೆ ದುರ್ಬಲವಾಗುತ್ತದೆ. ಕಪ್ಪು ಗಾಜಿನ ಹಿಂದೆ ಆರ್ಕ್ ಹೊರತು ಹೆಚ್ಚೇನೂ ಕಾಣದ ಕೆಲಸವಿದು. ಮೇಜಿಗೆ ಮೊಳಕೈ ಊರಿದವನು ಬಹುಮಟ್ಟಿಗೆ ಕೈಯ ನೆನಪನ್ನೇ ನಂಬುತ್ತಾನೆ. ಹುಡುಗರ ಕೈ ತಪ್ಪಿರಲಿಲ್ಲ. ಯಂತ್ರ ಕಲಿಸಿದುದನ್ನು ಅದು ಚಾಚೂ ತಪ್ಪದೆ ಒಪ್ಪಿಸುತ್ತಿತ್ತು.

ಕೈ ಕಲಿಯುವ ತಪ್ಪು

ಮನುಷ್ಯನ ಕೈ ಇಷ್ಟು ಬೇಗ ಒಗ್ಗಿಕೊಳ್ಳುತ್ತದೆಯೇ? ಭೌತವಿಜ್ಞಾನಿಯೂ ಶರೀರವಿಜ್ಞಾನಿಯೂ ಆಗಿದ್ದ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ಇದನ್ನು ಪರೀಕ್ಷಿಸಿದ್ದನು. ನೋಟವನ್ನು ಪಕ್ಕಕ್ಕೆ ಸರಿಸುವ ಪಟ್ಟಕಗಳ ಮೂಲಕ ನೋಡುತ್ತ ವಸ್ತುವನ್ನು ಮುಟ್ಟಲು ಹೋದರೆ ಕೈ ಮೊದಲು ತಪ್ಪುತ್ತದೆ. ಕೆಲವು ಸಲ ಪ್ರಯತ್ನಿಸಿದ ಮೇಲೆ ಸರಿಯಾಗಿ ಮುಟ್ಟುತ್ತದೆ. ಪಟ್ಟಕಗಳನ್ನು ತೆಗೆದೊಡನೆ ಎದುರು ದಿಕ್ಕಿನಲ್ಲಿ ತಪ್ಪುತ್ತದೆ! ಕ್ಯಾಲಿಫೋರ್ನಿಯಾದ ಜಾರ್ಜ್ ಸ್ಟ್ರಾಟನ್, ಲೋಕವನ್ನು ತಲೆಕೆಳಗಾಗಿ ತೋರಿಸುವ ಮಸೂರವನ್ನು ಎಂಟು ದಿನಗಳ ಕಾಲ ಧರಿಸಿದ ತನ್ನ ಅನುಭವವನ್ನು 1897ರಲ್ಲಿ ಪ್ರಕಟಿಸಿದನು. ದಿನ ಕಳೆದಂತೆ ಅವನ ಕೈಕಾಲುಗಳು ಆ ಲೋಕಕ್ಕೂ ಹೊಂದಿಕೊಂಡವು.

ಕೃತಕ ಲೋಕದಲ್ಲಿ ಕಲಿತುದು ನಿಜಲೋಕಕ್ಕೆ ದಾಟುತ್ತದೆಂಬುದಕ್ಕೂ ಪ್ರಮಾಣವಿದೆ. 2002ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ಮಂದಿ ವೈದ್ಯರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಮಿಥ್ಯಾವಾಸ್ತವದಲ್ಲಿ ಅಭ್ಯಾಸ ಮಾಡಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇಕಡ 29ರಷ್ಟು ಬೇಗ ಮಾಡಿದರು. ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇಡದ ಕಡೆ ಸುಡುವ ಸಂಭವ ಅಭ್ಯಾಸವಿಲ್ಲದವರಲ್ಲಿ ಐದು ಪಟ್ಟು ಇತ್ತು. ಒಳ್ಳೆಯ ಅಭ್ಯಾಸ ಹೀಗೆ ಹೊಸ್ತಿಲು ದಾಟಿ ಬರುವುದಾದರೆ, ಅದೇ ಹೊಸ್ತಿಲನ್ನು ತಪ್ಪು ಅಭ್ಯಾಸ ದಾಟದೆ ಇದ್ದೀತೆ?

ಆದುದರಿಂದ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ನಡುಗುವ ಯಂತ್ರ ತನ್ನ ದೋಷವನ್ನು ತಾನೇ ಸಾರುತ್ತದೆ. ಕಲಿಯುವವನು ಅದನ್ನು ನಂಬುವುದಿಲ್ಲ. ನಿಶ್ಚಲವಾಗಿ ತಪ್ಪು ಹೇಳುವ ಯಂತ್ರವನ್ನು ಅವನು ನಂಬುತ್ತಾನೆ. ಸಾಮಾನ್ಯ ಅಳತೆಯಲ್ಲಿ ದೋಷವು ಪುಸ್ತಕದ ಪುಟದಲ್ಲಿ ಉಳಿಯುತ್ತದೆ. ತರಬೇತಿಯ ಯಂತ್ರದಲ್ಲಿ ಅದು ಮನುಷ್ಯನ ಕೈಯೊಳಗೆ ಉಳಿಯುತ್ತದೆ. ಆ ಶಾಲೆಯಲ್ಲಿ ಈಗ ಪ್ರತಿದಿನ ಪಾಠಕ್ಕೆ ಮುನ್ನ ಕುಳಿಯ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಎರಡು ನಿಮಿಷ ಸಾಕು. ಮುಂದಿನ ತಂಡದ ಹುಡುಗರಲ್ಲಿ ರಾಡನ್ನು ಮೇಲೆ ಹಿಡಿಯುವ ಚಾಳಿ ಕಾಣಲಿಲ್ಲವೆಂದು ನನ್ನ ವಿದ್ಯಾರ್ಥಿ ತಿಳಿಸಿದ್ದಾನೆ. ಒಂದು ತಂಡದ ಅನುಭವವೇ ಸಿದ್ಧಾಂತವಾಗಲಾರದು; ಆದರೂ ಹಳೆಯ ತಂಡದ ಹುಡುಗರನ್ನು ಕರೆಸಿ ಮತ್ತೊಮ್ಮೆ ಅಭ್ಯಾಸ ಮಾಡಿಸಿದನೆಂಬುದನ್ನು ಕೇಳಿ ನನಗೆ ಸಮಾಧಾನವಾಯಿತು.

ನೀವೇ ಮಾಡಿ ನೋಡಿ

ಇಂಥ ಯಂತ್ರ ನಿಮ್ಮ ಕಾಲೇಜಿನಲ್ಲಿ ಇಲ್ಲದಿರಬಹುದು. ಆದರೆ ಅದರೊಳಗಿನ ಸಂವೇದಕಗಳಂಥವೇ ನಿಮ್ಮ ಮನೆಯ ಮೊಬೈಲ್ ಫೋನಿನಲ್ಲಿವೆ. ಮೇಜಿನ ಓರೆಯನ್ನು ಧನ, ಋಣ ಚಿಹ್ನೆಗಳೊಡನೆ ತೋರಿಸುವ ತಂತ್ರಾಂಶವನ್ನು ಫೋನಿನಲ್ಲಿ ತೆರೆಯಿರಿ. ಫೋನನ್ನು ಮೇಜಿನ ಮೇಲೆ ಅಂಗಾತ ಇರಿಸಿ ಓರೆಯನ್ನು ಓದಿ ಬರೆದುಕೊಳ್ಳಿ. ಅನಂತರ ಅದೇ ಎಡೆಯಲ್ಲಿ, ಮೇಲೆತ್ತದೆ, ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ. ಮೇಜಿನ ಓರೆ ಫೋನಿನ ದೃಷ್ಟಿಯಲ್ಲಿ ಈಗ ತಲೆಕೆಳಗಾಗಿದೆ; ಫೋನಿನ ಸ್ವಂತ ದೋಷವಾದರೋ ಹಾಗೆಯೇ ಉಳಿದಿದೆ. ಆದುದರಿಂದ ಎರಡು ಓದುಗಳ ಮೊತ್ತದ ಅರ್ಧ ಫೋನಿನ ಶೂನ್ಯದೋಷ. ಅವುಗಳ ವ್ಯತ್ಯಾಸದ ಅರ್ಧ ಮೇಜಿನ ನಿಜವಾದ ಓರೆ. ಮೊದಲ ಓದು +0.7 ಡಿಗ್ರಿ, ಎರಡನೆಯದು −0.1 ಡಿಗ್ರಿ ಎಂದು ಬಂದರೆ ಶೂನ್ಯದೋಷ 0.3, ಮೇಜಿನ ಓರೆ 0.4 ಡಿಗ್ರಿ.

ಗಮನಿಸಿ: ಮೊದಲ ಓದನ್ನು ಸಾವಿರ ಸಲ ಓದಿದ್ದರೂ ಈ ಎರಡನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಬೇರ್ಪಡಿಸಿದುದು ಆ ಅರ್ಧ ಸುತ್ತು.